ಕೊರೋನಾ ಜ್ವರವನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ: ದೊಡ್ಡವರಿಗೂ ಮಕ್ಕಳಿಗೂ ಒಂದು ಸಮಗ್ರ ಮಾರ್ಗದರ್ಶಿ

2020ರ ಬೇಸಿಗೆಯಿಂದ ಸುಮಾರು ಎರಡು ವರ್ಷ ಯಾವ ಅಂಗಡಿಯ ಬಾಗಿಲಿಗೆ ಹೋದರೂ ಹಣೆಗೋ ಮುಂಗೈಗೋ ಗುರಿ ಹಿಡಿಯುವ ಒಂದು ಥರ್ಮಾಮೀಟರ್ ಕಾದಿರುತ್ತಿತ್ತು. ಎಷ್ಟೋ ಸಲ ಅದು 94 ಡಿಗ್ರಿ ತೋರಿಸುತ್ತಿತ್ತು. ಮನುಷ್ಯನ ಮೈ ನಿಜವಾಗಿಯೂ 94 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿದ್ದರೆ ಆತ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕಿತ್ತು ಎಂದು ಕಾವಲುಗಾರನೂ ಯೋಚಿಸುತ್ತಿರಲಿಲ್ಲ, ನಾವೂ ಯೋಚಿಸುತ್ತಿರಲಿಲ್ಲ. ಕೊರೋನಾ ಬಂದವರಿಗೆ ಜ್ವರ ಇದ್ದೇ ಇರುತ್ತದೆ ಎಂಬ ನಂಬಿಕೆ ಆ ಕಾವಲಿನ ಹಿಂದೆ ಇತ್ತು. ಆದರೆ 2020ರ ಆರಂಭದಲ್ಲೇ ಚೀನಾದಿಂದ ಬಂದ 1,099 ರೋಗಿಗಳ ಅಧ್ಯಯನವು, ಆಸ್ಪತ್ರೆಗೆ ದಾಖಲಾಗುವ ಹೊತ್ತಿನಲ್ಲಿ ಶೇ. 43.8ರಷ್ಟು ಜನರಿಗೆ ಮಾತ್ರ ಜ್ವರವಿತ್ತು, ಒಳಗೆ ಇದ್ದ ದಿನಗಳಲ್ಲಿ ಅದು ಶೇ. 88.7ಕ್ಕೆ ಏರಿತು ಎಂದು ತಿಳಿಸಿತ್ತು. ನ್ಯೂಯಾರ್ಕ್ ಸುತ್ತಲಿನ ಆಸ್ಪತ್ರೆಗಳಿಗೆ ಸೇರಿದ 5,700 ಜನರಲ್ಲಿ ಮೊದಲ ತಪಾಸಣೆಯ ಹೊತ್ತಿಗೆ ಜ್ವರ ಕಂಡದ್ದು ಶೇ. 30.7 ಮಂದಿಯಲ್ಲಿ. ಅಮೆರಿಕದ ಆರಂಭದ ಅಂಕಿಗಳಲ್ಲಿ ಸೋಂಕಿತ ವಯಸ್ಕರಲ್ಲಿ ಶೇ. 71 ಜನರಿಗೆ ಜ್ವರವಿದ್ದರೆ, ಮಕ್ಕಳಲ್ಲಿ ಅದು ಶೇ. 56ರಷ್ಟು ಮಾತ್ರ.

ಇದರಿಂದ ತಿಳಿಯುವುದು ಎರಡು ವಿಷಯ. ಜ್ವರ ಇಲ್ಲದಿದ್ದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ಜ್ವರ ಎಂಬುದು ಒಂದು ಹೊತ್ತಿನ ಅಂಕಿಯಲ್ಲ, ದಿನಗಳ ಮೇಲೆ ನಡೆಯುವ ಒಂದು ಕ್ರಿಯೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಥರ್ಮಾಮೀಟರಿನಷ್ಟೇ ಅಗತ್ಯವಾದದ್ದು ಒಂದು ಹಾಳೆ ಮತ್ತು ಪೆನ್ನು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯೂ ಆ ಹಾಳೆಗೆ ಬಂದು ಸೇರುತ್ತದೆ.

ಹೆಜ್ಜೆ 1: ಸರಿಯಾಗಿ ಅಳೆಯಿರಿ

ಮೈ ಮುಟ್ಟಿ ನೋಡುವುದು ಅಮ್ಮಂದಿರ ಹಳೆಯ ವಿದ್ಯೆ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅದು ಜ್ವರವಿರಬಹುದು ಎಂಬ ಸುಳಿವಿಗೆ ಸಾಕು, ಎಷ್ಟಿದೆ ಎಂಬುದಕ್ಕೆ ಸಾಲದು. ಮನೆಗೆ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಪಾದರಸದ ಗಾಜಿನ ಕಡ್ಡಿ ಇನ್ನೂ ಇದ್ದರೆ ಮಕ್ಕಳಿರುವ ಮನೆಯಲ್ಲಿ ಅದನ್ನು ಬಳಸದಿರುವುದು ಒಳ್ಳೆಯದು. ಒಡೆದರೆ ಪಾದರಸದ ಆವಿ ವಿಷ.

ವಯಸ್ಕರು ಮತ್ತು ಹೇಳಿದ ಮಾತು ಕೇಳುವ ಮಕ್ಕಳು ಥರ್ಮಾಮೀಟರಿನ ತುದಿಯನ್ನು ನಾಲಿಗೆಯ ಕೆಳಗೆ, ಒಂದು ಬದಿಗೆ ಇಟ್ಟುಕೊಂಡು, ಬಾಯಿ ಮುಚ್ಚಿ, ಬೀಪ್ ಶಬ್ದ ಬರುವವರೆಗೆ ಕಾಯಬೇಕು. ಕಾಫಿ, ಬಿಸಿನೀರು, ತಣ್ಣೀರು ಏನೇ ಕುಡಿದಿದ್ದರೂ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಚಿಕ್ಕ ಮಕ್ಕಳಿಗೆ ಕಂಕುಳೇ ಅನುಕೂಲ: ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಬೇಕು. ಕಂಕುಳಿನ ಅಂಕಿ ಬಾಯಿಯ ಅಂಕಿಗಿಂತ ಸುಮಾರು ಅರ್ಧದಿಂದ ಒಂದು ಡಿಗ್ರಿ ಕಡಿಮೆ ಇರುತ್ತದೆ. ಅದಕ್ಕಾಗಿ ಮನಸ್ಸಿನಲ್ಲೇ ಒಂದು ಡಿಗ್ರಿ ಸೇರಿಸಿ ಹೇಳುವ ಅಭ್ಯಾಸ ಹಲವರಿಗಿದೆ. ವೈದ್ಯರೂ ಮತ್ತೊಂದು ಡಿಗ್ರಿ ಸೇರಿಸಿಕೊಂಡರೆ 100 ಇದ್ದದ್ದು 102 ಆಗಿಬಿಡುತ್ತದೆ. ಕಂಡ ಅಂಕಿಯನ್ನು ಕಂಡ ಹಾಗೆ ಬರೆದು, ಪಕ್ಕದಲ್ಲಿ ‘ಕಂಕುಳು’ ಎಂದು ನಮೂದಿಸಿದರೆ ಸಾಕು.

ಸಾಮಾನ್ಯವಾಗಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಮುಟ್ಟಿದರೆ ಜ್ವರ ಎನ್ನುತ್ತಾರೆ. ಮೈಯ ಬಿಸಿ ಬೆಳಗಿನ ಜಾವ ಅತಿ ಕಡಿಮೆ, ಸಂಜೆ ನಾಲ್ಕರಿಂದ ಆರರ ಸುಮಾರಿಗೆ ಅತಿ ಹೆಚ್ಚು ಇರುತ್ತದೆಯಾದ್ದರಿಂದ, ಬೆಳಿಗ್ಗೆ ಜ್ವರ ಬಿಟ್ಟಿದೆ ಎಂದು ನೆಮ್ಮದಿಪಟ್ಟವರು ಸಂಜೆ ಮತ್ತೆ ಬಂತೆಂದು ಗಾಬರಿಯಾಗುವುದು ಪ್ರತಿ ಮನೆಯ ಕತೆ.

ವಯಸ್ಸಾದವರ ವಿಷಯದಲ್ಲಿ ಈ 100.4 ಎಂಬ ಗೆರೆಯನ್ನು ನಂಬಿ ಕೂರಬಾರದು. 2022ರ ಜನವರಿಯಲ್ಲಿ ನಮ್ಮ ಮನೆಯಲ್ಲೇ ಆದ ತಪ್ಪು ಇದು. ಅತ್ತೆಯವರಿಗೆ ಥರ್ಮಾಮೀಟರ್ 99.4 ತೋರಿಸಿತು. ‘ಇದೇನು ಜ್ವರವೇ’ ಎಂದು ಎಲ್ಲರೂ ಸುಮ್ಮನಾದೆವು. ಬೆಳಗಿನ ಕಾಫಿ ಲೋಟ ಮಧ್ಯಾಹ್ನದವರೆಗೂ ಹಾಗೇ ಕೆನೆಗಟ್ಟಿ ಕೂತಿದ್ದನ್ನು, ಅವರು ಮೂರು ಸಲ ಇವತ್ತು ಯಾವ ವಾರ ಎಂದು ಕೇಳಿದ್ದನ್ನು ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಅವರ ಮೈಯ ದಿನನಿತ್ಯದ ಬಿಸಿ 97ರ ಆಸುಪಾಸು. ಅವರ ಲೆಕ್ಕದಲ್ಲಿ 99.4 ಎಂದರೆ ಎರಡು ಡಿಗ್ರಿಗೂ ಮೀರಿದ ಏರಿಕೆ. ಮೂರನೆಯ ದಿನ ಪರೀಕ್ಷೆ ಮಾಡಿಸಿದಾಗ ಸೋಂಕು ಗೊತ್ತಾಯಿತು. ವೃದ್ಧರಲ್ಲಿ ದಿನನಿತ್ಯದ ಅಂಕಿಗಿಂತ ಎರಡು ಡಿಗ್ರಿ ಏರಿದರೆ, ಅಥವಾ ಬಾಯಲ್ಲಿ ಅಳೆದದ್ದು ಮತ್ತೆ ಮತ್ತೆ 99 ದಾಟಿದರೆ, ಅದನ್ನು ಜ್ವರವೆಂದೇ ಎಣಿಸಬೇಕು. ಮನೆಯ ಹಿರಿಯರು ಆರೋಗ್ಯವಾಗಿರುವಾಗಲೇ ಒಂದೆರಡು ದಿನ ಅಳೆದು ಅವರ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕೂಡ ಸೋಂಕು ಜ್ವರವಿಲ್ಲದೆಯೇ ಒಳಗೆ ಬೆಳೆಯಬಹುದು.

ಹೆಜ್ಜೆ 2: ಹಾಳೆಯಲ್ಲಿ ದಿನ ಎಣಿಸಿ

ಮೈಕೈ ನೋವು, ಗಂಟಲು ಕೆರೆತ, ಚಳಿ, ಜ್ವರ ಇವುಗಳಲ್ಲಿ ಯಾವುದು ಮೊದಲು ಕಾಣಿಸಿತೋ ಆ ದಿನವೇ ಒಂದನೆಯ ದಿನ. ಪರೀಕ್ಷೆಯ ವರದಿ ಬಂದ ದಿನವಲ್ಲ. ಈ ಎಣಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಏಕೆಂದರೆ ಕೊರೋನಾ ಕೆಲವರಲ್ಲಿ ಉಲ್ಬಣಿಸುವುದು ಮೊದಲ ದಿನದ 103 ಡಿಗ್ರಿಯಲ್ಲಲ್ಲ, ಐದರಿಂದ ಹತ್ತನೆಯ ದಿನದ ನಡುವೆ. ಜ್ವರ ತಗ್ಗಿ ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೂ ಅದು ನಡೆಯಬಹುದು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಇದ್ದರೆ ಮೊದಲ ಎರಡು ದಿನದೊಳಗೇ ವೈದ್ಯರನ್ನು ಕಾಣಬೇಕಾದದ್ದೂ ಇದಕ್ಕಾಗಿಯೇ; ವೈರಾಣು ನಿರೋಧಕ ಮಾತ್ರೆಗಳ ಪ್ರಯೋಜನ ಸಿಗುವುದು ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಿದಾಗ.

ಹಾಳೆಯಲ್ಲಿ ಒಂದು ಸಾಲು ಹೀಗಿರಲಿ: ‘ದಿನ 3, ಸಂಜೆ 5.30, ಬಾಯಿ 101.8, ಪ್ಯಾರಸಿಟಮಾಲ್ 650 ಕೊಟ್ಟದ್ದು 5.40ಕ್ಕೆ, ಉಸಿರು 20, ಆಕ್ಸಿಜನ್ 97, ಮೂತ್ರ ಮಧ್ಯಾಹ್ನ 2ಕ್ಕೆ, ಗಂಜಿ ಅರ್ಧ ಲೋಟ’. ದಿನಕ್ಕೆ ನಾಲ್ಕು ಸಾಲು ಸಾಕು. ಪ್ರತಿ ಹತ್ತು ನಿಮಿಷಕ್ಕೆ ಅಳೆದು ಮಲಗಿದವರನ್ನು ಎಬ್ಬಿಸುವುದು ಆರೈಕೆಯಲ್ಲ, ನಮ್ಮ ಭಯದ ಉಪಶಮನ. ಜ್ವರವಿರುವವರ ಆರೈಕೆಗೆ ಇಬ್ಬರು ಸರದಿ ನಿಂತಿದ್ದರೆ ಈ ಹಾಳೆಯನ್ನು ಫ್ರಿಜ್ ಬಾಗಿಲಿಗೋ ಕ್ಯಾಲೆಂಡರಿನ ಮೊಳೆಗೋ ಸಿಕ್ಕಿಸಿ. ‘ನೀನು ಕೊಟ್ಟೆ ಅಂದುಕೊಂಡೆ’ ಎಂಬ ಮಾತಿಗೆ, ಅದಕ್ಕಿಂತ ಅಪಾಯವಾದ ಎರಡು ಸಲ ಔಷಧ ಕೊಡುವುದಕ್ಕೆ, ಆಗ ಆಸ್ಪದವಿರುವುದಿಲ್ಲ.

ಹೆಜ್ಜೆ 3: ಇದು ಯಾವ ಜ್ವರ ಎಂದು ಪರೀಕ್ಷಿಸಿ

ಕೊರೋನಾ ಜ್ವರಕ್ಕೆ ತನ್ನದೇ ಆದ ಮುಖಲಕ್ಷಣವಿಲ್ಲ. 2020ರಲ್ಲಿ ವಾಸನೆ, ರುಚಿ ಹೋಗುವುದು ದೊಡ್ಡ ಸುಳಿವಾಗಿತ್ತು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಆ ರೂಪಾಂತರ ಹರಡಿದ ಮೇಲೆ ಗಂಟಲು ನೋವು, ಮೂಗು ಸೋರುವುದು, ಎರಡು ಮೂರು ದಿನದ ಜ್ವರ ಇವೇ ಸಾಮಾನ್ಯವಾದವು. ಸೋಂಕು ತಗುಲಿ ಲಕ್ಷಣ ಕಾಣುವ ಅವಧಿಯೂ ಮೊದಲಿನ ಐದಾರು ದಿನದಿಂದ ಸುಮಾರು ಮೂರು ದಿನಕ್ಕೆ ಇಳಿಯಿತು. ಮಕ್ಕಳಲ್ಲಿ ಕೆಲವೊಮ್ಮೆ ವಾಂತಿ, ಭೇದಿಯೇ ಜ್ವರದ ಜೊತೆಗಾರರು.

ಮನೆಯಲ್ಲಿ ಮಾಡಿಕೊಳ್ಳುವ ಆಂಟಿಜನ್ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಸೋಂಕಿದೆ ಎಂದೇ ತಿಳಿಯಬಹುದು. ಒಂದೇ ಗೆರೆ ಬಂದರೆ ಇಲ್ಲ ಎಂದು ಹೇಳಲಾಗದು, ಅದರಲ್ಲೂ ಜ್ವರದ ಮೊದಲ ದಿನ. ನಲವತ್ತೆಂಟು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು, ಅಥವಾ ಆರ್‌ಟಿ–ಪಿಸಿಆರ್ ಮಾಡಿಸಬೇಕು.

ಕೊರೋನಾ ಒಂದನ್ನೇ ಹುಡುಕುತ್ತಾ ಕೂತರೆ ನಮ್ಮ ನಾಡಿನಲ್ಲಿ ದೊಡ್ಡ ತಪ್ಪಾಗುತ್ತದೆ. ಮಳೆಗಾಲದಲ್ಲಿ ಡೆಂಗಿ, ಚಿಕೂನ್‌ಗುನ್ಯಾ, ಕರಾವಳಿಯಲ್ಲಿ ಮಲೇರಿಯಾ ಮತ್ತು ಇಲಿಜ್ವರ, ಎಲ್ಲ ಕಡೆ ಟೈಫಾಯ್ಡ್ ಮತ್ತು ಫ್ಲೂ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ. ಡೆಂಗಿಯನ್ನು 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ಮರೆಯಬಾರದು. ಮೂಗು ಗಂಟಲಿನ ತೊಂದರೆಯೇ ಇಲ್ಲದೆ ಕಣ್ಣಿನ ಹಿಂದೆ ನೋವು, ತೀವ್ರ ಮೈಕೈ ನೋವು, ಮೈಮೇಲೆ ಕೆಂಪು ದದ್ದು ಇದ್ದರೆ ಡೆಂಗಿಯ ಎನ್‌ಎಸ್‌1 ಪರೀಕ್ಷೆ ಮತ್ತು ರಕ್ತದ ಪೂರ್ಣ ಎಣಿಕೆ ಮಾಡಿಸಿ. ಕಾಡಿಗೆ ಸೊಪ್ಪು, ಸೌದೆಗೆ ಹೋಗಿ ಬಂದವರು, ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರು ಆ ಮಾತನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು ಎಂಬುದೂ ನೆನಪಿರಲಿ. ದಿನದ ಎಣಿಕೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 4: ದೊಡ್ಡವರಿಗೆ ಮಾತ್ರೆ

ಜ್ವರ ಎಂದರೆ ಮೈ ಕೆಟ್ಟುಹೋದದ್ದಲ್ಲ. ವೈರಾಣುವನ್ನು ಕಂಡ ರಕ್ಷಣಾ ಕೋಶಗಳು ಹೊರಬಿಟ್ಟ ರಾಸಾಯನಿಕಗಳ ಸೂಚನೆಯಂತೆ ಮೆದುಳಿನ ಹೈಪೋಥಲಮಸ್ ಭಾಗವು ಮೈಯ ಬಿಸಿಯ ಗುರಿಯನ್ನೇ ಮೇಲಕ್ಕೆ ಏರಿಸಿರುತ್ತದೆ. ಗುರಿ 103ಕ್ಕೆ ಏರಿ ಮೈ ಇನ್ನೂ 99ರಲ್ಲಿದ್ದಾಗ ಚಳಿ ನಡುಕ, ಗುರಿ ಇಳಿದಾಗ ಬೆವರು. ಪ್ಯಾರಸಿಟಮಾಲ್ ಆ ಗುರಿಯನ್ನು ಕೆಲವು ಗಂಟೆ ಕೆಳಗಿಳಿಸುತ್ತದೆ, ಅಷ್ಟೇ. ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಆದ್ದರಿಂದ ಮಾತ್ರೆ ಕೊಡುವುದು ಅಂಕಿಗಾಗಿ ಅಲ್ಲ, ಸಂಕಟಕ್ಕಾಗಿ. 101 ಡಿಗ್ರಿ ಇದ್ದರೂ ನೆಮ್ಮದಿಯಾಗಿ ನಿದ್ರಿಸುತ್ತಿರುವವರನ್ನು ಮಾತ್ರೆಗಾಗಿ ಎಬ್ಬಿಸಬೇಕಿಲ್ಲ.

ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ, ಎರಡು ಮಾತ್ರೆಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರ. ದಿನಕ್ಕೆ 650ರ ನಾಲ್ಕು ಮಾತ್ರೆ ಎಂಬುದು ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಇಪ್ಪತ್ನಾಲ್ಕು ಗಂಟೆಯಲ್ಲಿ 4,000 ಮಿಲಿಗ್ರಾಂ ಎಂಬುದು ದಾಟಲೇಬಾರದ ಗಡಿ. ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ, ತೀರ ಸಣಕಲು ಮೈಯವರಿಗೆ ಆ ಗಡಿ ಇನ್ನೂ ಕೆಳಗಿದೆ, ಅವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಗಡಿ ದಾಟುವುದು ಬಹಳ ಸಲ ಗೊತ್ತಿಲ್ಲದೆಯೇ ಆಗುತ್ತದೆ. 650ರ ನಾಲ್ಕು ಮಾತ್ರೆ ಎಂದರೆ 2,600. ಮೂಗು ಕಟ್ಟಿದೆ ಎಂದು ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆಯೊಳಗೂ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇದ್ದು, ಅದನ್ನು ದಿನಕ್ಕೆ ಮೂರು ನುಂಗಿದರೆ ಇನ್ನೊಂದು 1,500. ಒಟ್ಟು 4,100. ಪಟ್ಟಿಯ ಹಿಂದಿನ ಸಣ್ಣ ಅಕ್ಷರವನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದುವುದು ಎರಡು ನಿಮಿಷದ ಕೆಲಸ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಗಳನ್ನು ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಜ್ವರಕ್ಕೆಂದು ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ಮಾತ್ರ ನೀವಾಗಿಯೇ ನಿಲ್ಲಿಸದೆ ಅವರನ್ನೇ ಕೇಳಿ. ಅಜಿತ್ರೊಮೈಸಿನ್ ಮುಂತಾದ ಆಂಟಿಬಯೋಟಿಕ್‌ಗಳು ಕೊರೋನಾ ಜ್ವರಕ್ಕೆ ಕೆಲಸ ಮಾಡುವುದಿಲ್ಲ ಎಂಬುದು ದೊಡ್ಡ ಪ್ರಯೋಗಗಳಲ್ಲೇ ಸ್ಥಿರಪಟ್ಟಿದೆ. ಇನ್ನು ಸ್ಟಿರಾಯ್ಡ್: ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿದ್ದು ಆಮ್ಲಜನಕ ಬೇಕಾದ ರೋಗಿಗಳಲ್ಲಿ ಮಾತ್ರ. ಜ್ವರ ಬೇಗ ಇಳಿಯಲಿ ಎಂದು ಮನೆಯಲ್ಲೇ ಅದನ್ನು ನುಂಗಿದರೆ ಜ್ವರವೇನೋ ಮಂಗಮಾಯವಾಗುತ್ತದೆ, ಜೊತೆಗೆ ಸಕ್ಕರೆ ಏರುತ್ತದೆ, ಸೋಂಕಿನೊಡನೆ ಹೋರಾಡುವ ಶಕ್ತಿ ಕುಗ್ಗುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಅದರ ಹಿಂದಿನ ಕಾರಣಗಳಲ್ಲಿ ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್‌ನ ಅತಿ ಬಳಕೆ ಎರಡೂ ಇದ್ದವು.

ಹೆಜ್ಜೆ 5: ಮಕ್ಕಳ ಸಿರಪ್ಪಿನ ಲೆಕ್ಕ

ಇಲ್ಲಿ ತುಸು ನಿಧಾನವಾಗಿ ಓದಿ, ಏಕೆಂದರೆ ಮನೆಯಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. ಮಕ್ಕಳಿಗೆ ಪ್ಯಾರಸಿಟಮಾಲ್ ಕೊಡುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕೆ.ಜಿ. ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ.

ಮಗುವಿನ ತೂಕ 10 ಕೆ.ಜಿ. ಎನ್ನೋಣ. ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ. ಈಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. 5 ಎಂ.ಎಲ್.ನಲ್ಲಿ 120 ಮಿಲಿಗ್ರಾಂ ಎಂದು ಬರೆದಿದ್ದರೆ ಆ 150ಕ್ಕೆ 6.25 ಎಂ.ಎಲ್. ಬೇಕು. 5 ಎಂ.ಎಲ್.ನಲ್ಲಿ 250 ಎಂದಿದ್ದರೆ 3 ಎಂ.ಎಲ್. ಸಾಕು. ಶಿಶುಗಳ ಡ್ರಾಪ್ಸ್ ಬಾಟಲಿಯಲ್ಲಿ 1 ಎಂ.ಎಲ್.ಗೇ 100 ಮಿಲಿಗ್ರಾಂ ಇದ್ದರೆ 1.5 ಎಂ.ಎಲ್. ಮಾತ್ರ. ಮೂರೂ ಬಾಟಲಿಯ ಬಣ್ಣ, ಸಿಹಿ, ಡಬ್ಬಿಯ ಮೇಲಿನ ಚಿತ್ರ ಹೆಚ್ಚುಕಮ್ಮಿ ಒಂದೇ. ಕಳೆದ ಸಲ ತಂದದ್ದು 120ರದು, ಈ ಸಲ ಅಂಗಡಿಯವರು ಕೊಟ್ಟದ್ದು 250ರದು, ಅಜ್ಜಿ ಅಭ್ಯಾಸದಂತೆ ಅದೇ ಆರು ಎಂ.ಎಲ್. ಕುಡಿಸಿದರೆ ಮಗುವಿಗೆ ಹೋದದ್ದು 300 ಮಿಲಿಗ್ರಾಂ, ಅಂದರೆ ಎರಡರಷ್ಟು. ಡ್ರಾಪ್ಸ್ ಅನ್ನು ಸಿರಪ್ಪಿನಂತೆ ಕುಡಿಸಿದರಂತೂ ನಾಲ್ಕರಷ್ಟು. ಬಾಟಲಿ ಮನೆಗೆ ಬಂದ ಕೂಡಲೇ ಒಂದು ಚೂರು ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಮಗುವಿನ ಹೆಸರು, ಇಷ್ಟು ಎಂ.ಎಲ್. ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಅಡುಗೆ ಮನೆಯ ಚಮಚ ಬೇಡವೇ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ ಸಿರಿಂಜು ಅಥವಾ ಬಾಟಲಿಯ ಜೊತೆ ಬಂದ ಗೆರೆಯಿರುವ ಮುಚ್ಚಳವೇ ಸರಿ.

ಮಗು ಔಷಧ ಕುಡಿದ ಕೂಡಲೇ ಪೂರ್ತಿ ವಾಂತಿ ಮಾಡಿದರೆ ಮತ್ತೆ ಕೊಡಬಹುದು. ಅರ್ಧ ಗಂಟೆಯ ಮೇಲಾಗಿದ್ದರೆ ಮುಂದಿನ ಸರದಿಯವರೆಗೆ ಕಾಯಿರಿ. ಹದಿನೆಂಟರೊಳಗಿನವರಿಗೆ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ವೈರಾಣು ಜ್ವರದಲ್ಲಿ ಅದು ಮೆದುಳು, ಯಕೃತ್ತಿಗೆ ಏಟು ಕೊಡುವ ರೇ ಸಿಂಡ್ರೋಮ್ ತರಬಹುದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಹಳೆಯ ಚೀಟಿ ತೋರಿಸಿ ಅದನ್ನು ಕೇಳಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನೆಗಡಿಯ ಕೂಡು ಸಿರಪ್ಪುಗಳೂ ಬೇಡ.

ಮೂರು ತಿಂಗಳೊಳಗಿನ ಕೂಸಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸದು. 100.4 ಮುಟ್ಟಿದರೆ, ಕಂಕುಳಿನಲ್ಲಿ 99.5 ದಾಟಿದರೂ ಸರಿ, ಔಷಧ ಕೊಟ್ಟು ನೋಡೋಣ ಎನ್ನದೆ ಅಂದೇ, ರಾತ್ರಿಯಾಗಿದ್ದರೆ ರಾತ್ರಿಯೇ, ಆಸ್ಪತ್ರೆಗೆ ಕರೆದೊಯ್ಯಬೇಕು. ಅಷ್ಟು ಸಣ್ಣ ಮಕ್ಕಳಲ್ಲಿ ಕೊರೋನಾಕ್ಕಿಂತ ಅಪಾಯಕಾರಿಯಾದ ಬ್ಯಾಕ್ಟೀರಿಯಾ ಸೋಂಕು ಹೊರಗೆ ಜ್ವರವೊಂದನ್ನೇ ತೋರಿಸಬಹುದು.

ಹೆಜ್ಜೆ 6: ನೀರು, ಗಂಜಿ, ಪಟ್ಟಿ

ಜ್ವರದಲ್ಲಿ ಬೆವರಿನಿಂದ, ವೇಗದ ಉಸಿರಿನಿಂದ ನೀರು ಸದ್ದಿಲ್ಲದೆ ಹೋಗುತ್ತಿರುತ್ತದೆ. ಗಂಜಿ, ತಿಳಿಸಾರು, ಮಜ್ಜಿಗೆ, ಎಳನೀರು, ಮೊಲೆಯುಣ್ಣುವ ಮಗುವಿಗೆ ತಾಯಿಯ ಹಾಲು, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ. ಮೂತ್ರಪಿಂಡದ ತೊಂದರೆ ಇದ್ದವರು ಎಳನೀರಿನ ಮಾತನ್ನು ವೈದ್ಯರಲ್ಲಿ ಕೇಳಬೇಕು. ವಾಂತಿ ಭೇದಿ ಇದ್ದರೆ ಓಆರ್‌ಎಸ್: ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣವನ್ನು ಕರಗಿಸಬೇಕು, ಒಂದು ಲೋಟಕ್ಕೆ ಒಂದು ಚಿಟಿಕೆ ಎಂಬ ಅಂದಾಜು ನಡೆಯದು. ಹಣ್ಣಿನ ರಸದ ಡಬ್ಬಿಗಳು ಓಆರ್‌ಎಸ್‌ಗೆ ಬದಲಿಯಲ್ಲ. ಊಟ ಸೇರದಿದ್ದರೆ ಒತ್ತಾಯ ಬೇಡ. ಎರಡು ದಿನ ಅನ್ನ ಕಡಿಮೆಯಾದರೆ ಏನೂ ಕೆಡುವುದಿಲ್ಲ, ನೀರು ಕಡಿಮೆಯಾದರೆ ಕೆಡುತ್ತದೆ. ಮೂತ್ರ ಆರರಿಂದ ಎಂಟು ಗಂಟೆ ಬಾರದೆ ಹೋದರೆ ಹಾಳೆಯಲ್ಲಿ ಅದು ಕಾಣುತ್ತದೆ, ಕಂಡಾಗ ವೈದ್ಯರಿಗೆ ತಿಳಿಸಬೇಕು.

ಕಂಬಳಿ ಹೊದಿಸಿ ಬೆವರಿಳಿಸಿದರೆ ಜ್ವರ ಬಿಡುತ್ತದೆ ಎಂಬ ನಂಬಿಕೆ ಹಳೆಯದು. ಚಳಿಯಾಗುವಾಗ ಹೊದಿಕೆ ಬೇಕು ನಿಜ, ಚಳಿ ನಿಂತ ಮೇಲೆ ತೆಳ್ಳನೆಯ ಹತ್ತಿ ಬಟ್ಟೆ, ಗಾಳಿಯಾಡುವ ಕೋಣೆ ಸಾಕು. ಒರೆಸುವುದಾದರೆ ಉಗುರು ಬೆಚ್ಚಗಿನ ನೀರಿನಲ್ಲಿ, ಮಾತ್ರೆ ಕೊಟ್ಟ ಮೇಲೆ. ಮಂಜುಗಡ್ಡೆ, ತಣ್ಣೀರು ಹಾಕಿದರೆ ನಡುಕ ಹುಟ್ಟಿ ಮೈಯ ಬಿಸಿ ಮತ್ತೂ ಏರುತ್ತದೆ. ಸ್ಪಿರಿಟ್ ಹಚ್ಚುವುದಂತೂ ವಿಷಪ್ರಾಶನಕ್ಕೆ ಸಮ. ಶುಂಠಿ, ಮೆಣಸಿನ ಕಷಾಯ ಗಂಟಲಿಗೆ ಹಿತ, ಸಂತೋಷವಾಗಿ ಕುಡಿಯಿರಿ; ವರ್ಷ ತುಂಬದ ಮಗುವಿಗೆ ಜೇನು ಮಾತ್ರ ನೆಕ್ಕಿಸಬೇಡಿ. ಬಿಸಿನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಹಬೆ ಕೊಡುವುದರಿಂದ ವೈರಾಣು ಸಾಯುವುದಿಲ್ಲ, ಪಾತ್ರೆ ಮಗುಚಿದರೆ ಮೈ ಸುಡುತ್ತದೆ.

ಹೆಜ್ಜೆ 7: ಜ್ವರಕ್ಕಿಂತ ಉಸಿರನ್ನು ನೋಡಿ

ಥರ್ಮಾಮೀಟರಿಗೆ ಕೊಡುವ ಗಮನದ ಅರ್ಧವನ್ನು ಉಸಿರಿಗೆ ಕೊಟ್ಟರೆ ಅದು ಹೆಚ್ಚು ಹೇಳುತ್ತದೆ. ಮಲಗಿರುವಾಗ ಅಥವಾ ಶಾಂತವಾಗಿ ಕೂತಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಜ್ವರವೇ ಉಸಿರನ್ನು ಕೊಂಚ ವೇಗಗೊಳಿಸುವುದರಿಂದ ಮಾತ್ರೆ ಕೆಲಸ ಮಾಡಿದ ಮೇಲೆ ಮತ್ತೊಮ್ಮೆ ಎಣಿಸಬೇಕು. ವಯಸ್ಕರಲ್ಲಿ ನಿಮಿಷಕ್ಕೆ 24 ಮುಟ್ಟಿದರೆ ಎಚ್ಚರ. ಮಕ್ಕಳಲ್ಲಿ ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅದಕ್ಕೂ ದೊಡ್ಡ ಮಕ್ಕಳಲ್ಲಿ 30 ಅಥವಾ ಹೆಚ್ಚು ಇದ್ದರೆ ವೇಗದ ಉಸಿರು. ಮಗು ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುತ್ತಿದ್ದರೆ ಎಣಿಸುತ್ತಾ ಕೂರುವ ಕಾಲ ಮುಗಿದಿದೆ.

ಆಕ್ಸಿಮೀಟರ್ ಇದ್ದರೆ ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣವಾಗಲಿ ಮೆಹಂದಿಯಾಗಲಿ ಇಲ್ಲದಿರಲಿ, ಕೈ ಅಲುಗದಿರಲಿ. ಅಂಕಿ ನಿಂತ ಮೇಲೆ ಬರೆದುಕೊಳ್ಳಿ. 94 ಮತ್ತು ಮೇಲಿದ್ದರೆ ಮನೆಯಲ್ಲೇ ಇರಬಹುದು. ಒಂದು ಗಂಟೆಯಲ್ಲಿ ಮೂರು ಸಲ ನೋಡಿದಾಗಲೂ 93 ಅಥವಾ ಕೆಳಗಿದ್ದರೆ ಜ್ವರ ಇರಲಿ ಬಿಡಲಿ, ಹೊರಡಬೇಕು. ಕೂತಾಗ 96 ಇದ್ದು ಆರು ನಿಮಿಷ ಮನೆಯೊಳಗೆ ನಡೆದ ಮೇಲೆ 94ಕ್ಕಿಂತ ಕೆಳಗಿಳಿದರೂ ಅದು ಮುನ್ಸೂಚನೆಯೇ. ಆದರೆ ಕೂತಲ್ಲೇ ಏದುಸಿರು ಇರುವವರನ್ನು ನಡೆಸಿ ಪರೀಕ್ಷಿಸಬಾರದು.

ಹೆಜ್ಜೆ 8: ಜ್ವರದಲ್ಲಿ ಫಿಟ್ಸ್ ಬಂದರೆ

ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಯಾವುದಾದರೊಂದು ಜ್ವರದಲ್ಲಿ ಹೀಗಾಗುತ್ತದೆ, ಕೊರೋನಾದಲ್ಲಿಯೂ ಆಗಬಹುದು. ನೋಡುವವರ ಎದೆ ನಡುಗುತ್ತದೆ, ಆದರೆ ಬಹುಪಾಲು ಸಲ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣದ ಕೀಲಿ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ಬಾಯಿಗೆ ನೀರೋ ಔಷಧವೋ ಹಾಕುವುದು ಯಾವುದೂ ಬೇಡ. ಕೊನೆಯೆರಡರಿಂದ ಉಸಿರೇ ಕಟ್ಟಬಹುದು. ಐದು ನಿಮಿಷ ದಾಟಿದರೆ, ಮತ್ತೆ ಮರುಕಳಿಸಿದರೆ, ನಿಂತ ಮೇಲೂ ಮಗು ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ಸಲವಾದರೆ ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಬೇಕು. ಪ್ಯಾರಸಿಟಮಾಲ್ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲವೇನೋ ಎಂದು ಕೊರಗುವ ತಾಯಂದಿರಿದ್ದಾರೆ. ಅದು ಫಿಟ್ಸನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಹೆಜ್ಜೆ 9: ಮನೆ ಬಿಟ್ಟು ಹೊರಡುವ ಹೊತ್ತು

ಮೇಲೆ ಹೇಳಿದ ಉಸಿರಿನ, ಆಮ್ಲಜನಕದ ಲೆಕ್ಕಗಳಲ್ಲದೆ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ, ಮಾತು ತೊದಲುವುದು, ಗೊಂದಲ, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಯಾಗುವುದು, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಒತ್ತಿದರೂ ಮಾಯದ ಕೆಂಪು ಚುಕ್ಕೆ, ಮಗು ಹಾಲು ನೀರು ಏನನ್ನೂ ಕುಡಿಯದಿರುವುದು ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಅಂಥದ್ದೇನೂ ಇಲ್ಲದೆ ಜ್ವರವೊಂದೇ 100ಕ್ಕೂ ಮೇಲೆ ಮೂರು ದಿನ ಬಿಡದಿದ್ದರೆ, ಅಥವಾ ಒಂದೆರಡು ದಿನ ಬಿಟ್ಟು ಮತ್ತೆ ಏರಿದರೆ ವೈದ್ಯರನ್ನು ಕಾಣಿ. ಸಲಹೆಗೆ ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸಿಗೆ 108. ಹೊರಡುವಾಗ ಹಾಳೆಯನ್ನು ಫೋಟೊ ತೆಗೆದುಕೊಂಡು ಹೋಗಿ. ‘ಒಂದು ವಾರದಿಂದ ಜ್ವರ ಸರ್’ ಎಂಬ ಮಾತಿಗೂ ‘ಐದನೆಯ ದಿನ ಬಿಟ್ಟಿತ್ತು, ಏಳನೆಯ ದಿನ ಸಂಜೆ ಮತ್ತೆ 101.6, ಉಸಿರು 18 ಇದ್ದದ್ದು 26 ಆಯಿತು’ ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ಎದುರಿಗೆ ಕೂತ ವೈದ್ಯರ ಮುಖದಲ್ಲೇ ಕಾಣಬಹುದು.

ಹೆಜ್ಜೆ 10: ಜ್ವರ ಬಿಟ್ಟ ಮೇಲೆ

ಮಾತ್ರೆಯಿಲ್ಲದೆಯೇ ಇಪ್ಪತ್ನಾಲ್ಕು ಗಂಟೆ ಮೈ ತಣ್ಣಗಿದ್ದರೆ ಮಾತ್ರ ಜ್ವರ ಬಿಟ್ಟಿದೆ ಎನ್ನಬಹುದು. ಬೆಳಿಗ್ಗೆ ಸಿರಪ್ ಕುಡಿಸಿ ಮಗುವನ್ನು ಶಾಲೆಗೆ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಗುಟ್ಟು ಬಯಲಾಗುತ್ತದೆ, ಅಷ್ಟರಲ್ಲಿ ಪಕ್ಕದ ಮಗುವಿಗೂ ಹಂಚಿಯಾಗಿರುತ್ತದೆ. 2022ರ ಜನವರಿಯ ಕೇಂದ್ರ ಸರ್ಕಾರದ ಸೂಚನೆಯಲ್ಲಿ ಸೋಂಕು ದೃಢಪಟ್ಟು ಏಳು ದಿನ, ಅದರಲ್ಲಿ ಕೊನೆಯ ಮೂರು ದಿನ ಜ್ವರವಿಲ್ಲದೆ ಕಳೆಯಬೇಕೆಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಕೊನೆಗೊಳಿಸಿದ ಮೇಲೆ ಯಾರೂ ಬಾಗಿಲಿಗೆ ಚೀಟಿ ಅಂಟಿಸಲು ಬರುವುದಿಲ್ಲ. ಆದರೂ ಮನೆಯಲ್ಲಿ ಹಿರಿಯರಿದ್ದರೆ ಆ ಲೆಕ್ಕವನ್ನೇ ಪಾಲಿಸುವುದು, ಅಷ್ಟು ದಿನ ಮಾಸ್ಕ್ ಹಾಕಿಕೊಂಡು ಬೇರೆ ಕೋಣೆಯಲ್ಲಿ ಮಲಗುವುದು ನನಗಂತೂ ಸರಿ ಕಾಣುತ್ತದೆ.

ಮಕ್ಕಳಿರುವ ಮನೆಯಲ್ಲಿ ಆ ಹಾಳೆಯನ್ನು ರದ್ದಿಗೆ ಹಾಕಬೇಡಿ. ಸೋಂಕು ಬಂದುಹೋದ ಎರಡರಿಂದ ಆರು ವಾರಗಳ ನಂತರ, ಅಪರೂಪಕ್ಕೆ ಕೆಲವು ಮಕ್ಕಳಲ್ಲಿ, ಬಿಡದ ಜ್ವರದ ಜೊತೆಗೆ ಕೀವಿಲ್ಲದ ಕೆಂಗಣ್ಣು, ಮೈಮೇಲೆ ದದ್ದು, ಕೆಂಪಾದ ತುಟಿ ನಾಲಿಗೆ, ಹೊಟ್ಟೆನೋವು, ವಾಂತಿ, ಕೈಕಾಲು ಊತ ಕಾಣಿಸಿಕೊಳ್ಳುವ ಬಹು ಅಂಗಗಳ ಉರಿಯೂತವೊಂದಿದೆ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ಮೊದಲು ಗುರುತಿಸಿದರು, ಎರಡನೆಯ ಅಲೆಯ ನಂತರ ನಮ್ಮಲ್ಲಿಯೂ ಕಂಡಿತು. ಹೃದಯಕ್ಕೆ ತೊಂದರೆ ಕೊಡಬಲ್ಲ ಈ ಸ್ಥಿತಿಗೆ ಬೇಗ ಕಂಡುಹಿಡಿದರೆ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆಯಿದೆ. ಆಗ ಮಕ್ಕಳ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಹಿಂದಿನ ಒಂದೂವರೆ ತಿಂಗಳಲ್ಲಿ ಮಗುವಿಗಾಗಲಿ ಮನೆಯವರಿಗಾಗಲಿ ಜ್ವರ ಬಂದಿತ್ತೇ, ಯಾವ ತಾರೀಖಿನಂದು ಎಂಬುದು. ಉತ್ತರ ಫ್ರಿಜ್ ಬಾಗಿಲ ಮೇಲೆ ಇನ್ನೂ ಇರಲಿ.